ಒಣಗದ ಫ್ರಾಕು

ತಾರಸಿಯ ಮೇಲೆ ಒಂದು ಹಳದಿ ಫ್ರಾಕು ಮೂರು ವಾರದಿಂದ ಒಣಗುತ್ತಿತ್ತು. ಒಣಗುತ್ತಿತ್ತು ಅನ್ನುವುದು ಮಾತಿಗೆ; ಒಣಗಿರಲಿಲ್ಲ.

ಮಳೆಗಾಲವೇನೂ ಅಲ್ಲ. ಬಿಸಿಲು ಎಂಥದ್ದೆಂದರೆ ಬೆಳಿಗ್ಗೆ ಹಾಕಿದ ಬೆಡ್‌ಶೀಟು ಚಹಾ ಕುಡಿದು ಬರುವಷ್ಟರಲ್ಲಿ ಹಲಗೆಯಾಗಿ ನಿಂತಿರುತ್ತಿತ್ತು. ಪಕ್ಕದ ಮನೆಯ ಬೆಕ್ಕು ಆ ತಾರಸಿ ದಾಟುವಾಗ ನೆಲವನ್ನು ಊದಿ ಊದಿ ಕಾಲಿಡುತ್ತಿತ್ತು. ಅಂಥ ಬಿಸಿಲಲ್ಲೂ ಫ್ರಾಕಿನ ಅಂಚಿನಿಂದ ಒಂದು ಹನಿ, ಸ್ವಲ್ಪ ಯೋಚಿಸಿ ಇನ್ನೊಂದು ಹನಿ ಕೆಳಗಿನ ಬಕೆಟ್ಟಿಗೆ ಬೀಳುತ್ತಿತ್ತು. ಬಕೆಟ್ಟು ತುಂಬಿದಾಗ ಯಾರು ಮೇಲೆ ಹೋಗಿರುತ್ತಾರೋ ಅವರು ಚೆಲ್ಲಿ ಬರಬೇಕು. ಹಾಲು ತರುವುದು, ಕಸ ಹಾಕುವುದು ಇದ್ದ ಹಾಗೆ ಇದೂ ಮನೆಯ ಒಂದು ಕೆಲಸವಾಗಿಬಿಟ್ಟಿತ್ತು.

ಅದು ಬಟ್ಟೆ ಒಗೆಯುವವರ ಮನೆ. ಕೆಳಗೆ ಅಂಗಡಿ, ನಡುವೆ ವಾಸ, ಮೇಲೆ ಬರೀ ಹಗ್ಗಗಳು. ಮನೆಯ ಯಜಮಾನಿಯನ್ನು ಬೀದಿಯವರೆಲ್ಲ ನೀಲಿ ಅಜ್ಜಿ ಅನ್ನುತ್ತಿದ್ದರು. ಬಿಳಿ ಬಟ್ಟೆಗೆ ನೀಲಿ ಹಾಕಿ ಹಾಕಿ ಅವಳ ಬೆರಳು ಎರಡನೇ ಗೆಣ್ಣಿನವರೆಗೆ ನೀಲಿ. ಕಲೆ ತೆಗೆಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಗೋಡೆಗೆ ಬಣ್ಣ ಬಳಿಯುವವನೊಬ್ಬನ ಅಂಗಿಯಿಂದ ಒಂದು ಸಲ ಅವಳು ತೆಗೆದ ಬಣ್ಣದಲ್ಲೇ ಅಂಗಡಿಯ ಬಾಗಿಲಿಗೆ ಎರಡು ಕೋಟು ಹೊಡೆಸಿದ್ದಾರೆ. ಬಾಗಿಲು ಈಗಲೂ ಇದೆ, ಹೋಗಿ ನೋಡಬಹುದು.

ಅಜ್ಜಿಗೆ ಇಬ್ಬರು ಗಂಡು ಮಕ್ಕಳು. ದೊಡ್ಡವನು ಇಸ್ತ್ರಿಯವನು, ಎದುರಿಗಿರುವವರ ಮುಖಕ್ಕಿಂತ ಅವರ ಕಾಲರನ್ನು ಹೆಚ್ಚು ನೋಡುವ ಸಾಧು ಪ್ರಾಣಿ. ಚಿಕ್ಕವನು ವ್ಯಾನಿನಲ್ಲಿ ಬಟ್ಟೆ ತಲುಪಿಸುವವನು. ಬರುವಾಗಲೂ ಹೋಗುವಾಗಲೂ ಸಿಳ್ಳೆ ಹಾಕುತ್ತಿದ್ದುದರಿಂದ ಅವನ ಹೆಸರೇ ಸಿಳ್ಳೆ. ಗಿರಾಕಿಗಳಿಗೆ ಅವನೆಂದರೆ ಪ್ರಾಣ. ದೊಡ್ಡವನಿಗೆ ಮದುವೆಯಾಗಿತ್ತು, ಎಂಟು ವರ್ಷದ ಒಬ್ಬಳು ಮಗಳಿದ್ದಳು. ಒಗೆಯುವ ಕಲ್ಲಿನ ಸುತ್ತ ಉದುರಿದ ಬಟನ್ನುಗಳನ್ನೆಲ್ಲ ಹೆಕ್ಕಿ ಬಿಸ್ಕತ್ತಿನ ಡಬ್ಬಿಗೆ ತುಂಬುತ್ತಿದ್ದ ಅವಳನ್ನು ಮನೆಯವರು ಬಟನ್ನು ಅಂತಲೇ ಕರೆಯುತ್ತಿದ್ದರು. ಫ್ರಾಕು ಅವಳದು.

ಆದದ್ದಿಷ್ಟು. ಒಂದು ಮಧ್ಯಾಹ್ನ ದೊಡ್ಡವನೂ ಸೊಸೆಯೂ ಸೋಪು ತರಲು ಪೇಟೆಗೆ ಹೋಗಿದ್ದರು. ಅಜ್ಜಿ ಮೂಲೆಯ ಲಾಡ್ಜಿಗೆ ಬೆಡ್‌ಶೀಟು ತರಲು ಹೋಗಿದ್ದಳು. ಮನೆಯಲ್ಲಿ ಬಟನ್ನು, ಅವಳ ಚಿಕ್ಕಪ್ಪ. ಹುಡುಗಿ ಓಡಾಡುತ್ತಾ ನೀಲಿಯ ಬಕೆಟ್ಟನ್ನು ಒದ್ದು, ಆಗಲೇ ತಲುಪಿಸಬೇಕಾದ ಬಿಳಿ ಅಂಗಿಗಳ ಮೇಲೆ ಚೆಲ್ಲಿದಳು. ದೊಡ್ಡವನೂ ಸೊಸೆಯೂ ಬಂದಾಗ ಮಗಳು ಮೆಟ್ಟಿಲ ಕೆಳಗೆ ಬಿದ್ದಿದ್ದಳು. ಕೈ ತಿರುಚಿಕೊಂಡಿತ್ತು, ಎಡಗಿವಿಯಿಂದ ರಕ್ತ ಬರುತ್ತಿತ್ತು. "ಮೆಟ್ಲಿಂದ ಬಿದ್ಲು" ಅಂದ ಸಿಳ್ಳೆ. ಸೊಸೆ ರಕ್ತ ಹತ್ತಿದ ಫ್ರಾಕನ್ನು ಎಳೆದು ಬಿಸಾಕಿ, ಮಗಳನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಗಂಡನ ಜೊತೆ ಆಸ್ಪತ್ರೆಗೆ ಓಡಿದಳು. ಅವಳು ಆಗ ನೋಡಿದ್ದು ಕಿವಿಯನ್ನು, ಬಟ್ಟೆಯನ್ನಲ್ಲ.

ಬಟ್ಟೆಯನ್ನು ನೋಡಿದವಳು ಅಜ್ಜಿ. ಲಾಡ್ಜಿನ ಗಂಟು ಹೊತ್ತು ಬಂದರೆ ಮನೆಯಲ್ಲಿ ಯಾರೂ ಇಲ್ಲ, ಕಲ್ಲಿನ ಪಕ್ಕ ಒಂದು ಫ್ರಾಕು ಬಿದ್ದಿದೆ. ಎತ್ತಿಕೊಂಡಳು. ಕೊರಳ ಹತ್ತಿರ ರಕ್ತ. ಹಿಂದೆ ತಿರುಗಿಸಿದರೆ ಬೆನ್ನಿನ ನಡುವೆ ಒಂದು ಶೂ ಗುರುತು. ನೀಲಿ ತುಳಿದ ಎಡಗಾಲಿನ ಶೂ. ಹಿಮ್ಮಡಿಯ ಹೊರಗಡೆ ಸವೆದದ್ದು, ಮಧ್ಯದಲ್ಲಿ ಮೋಚಿ ಹೊಡೆದ ಅಡ್ಡಪಟ್ಟಿ. ಅಚ್ಚು ಒತ್ತಿದ ಹಾಗೆ ಸ್ಪಷ್ಟವಾಗಿತ್ತು. ಅಜ್ಜಿಯ ಕಣ್ಣು ನೋಡಿತು, ಅಷ್ಟರಲ್ಲಿ ಕೈ ಹೊರಟಾಗಿತ್ತು. ರಕ್ತಕ್ಕೆ ತಣ್ಣೀರು, ಉಪ್ಪು. ನೀಲಿಗೆ ಮೊದಲು ಬರೀ ನೀರು, ಆಮೇಲೆ ಸೋಪು, ಆಮೇಲೆ ಎರಡು ಹಿಂಡು. ಐವತ್ತು ವರ್ಷದಿಂದ ಕೊಳೆ ಕಂಡ ಕೂಡಲೇ ಅವಳ ಕೈ ಅವಳನ್ನು ಕೇಳಿದ್ದಿಲ್ಲ. ಫ್ರಾಕನ್ನು ಕೊಡವಿ ಹಗ್ಗಕ್ಕೆ ಹಾಕಿ ಕ್ಲಿಪ್ಪು ಸಿಕ್ಕಿಸುವಾಗ ಅವಳಿಗೆ ತಾನು ಏನು ತೊಳೆದೆ ಅನ್ನುವುದು ಹೊಳೆಯಿತು. ಅಡುಗೆಮನೆಯಲ್ಲಿ ಕೆಟಲು ಸಿಳ್ಳೆ ಹಾಕುತ್ತಿದೆ ಅನ್ನಿಸಿತು. ಕೆಳಗೆ ಬಂದು ನೋಡಿದರೆ ಒಲೆಯ ಮೇಲೆ ಕೆಟಲೇ ಇರಲಿಲ್ಲ.

ಆಸ್ಪತ್ರೆಯ ಡಾಕ್ಟರು ಕೈಗೆ ಪಟ್ಟಿ ಹಾಕಿ, ಎಡಗಿವಿ ಇನ್ನು ಕೇಳುವುದಿಲ್ಲ ಅಂತ ಹೇಳಿ, ಪೊಲೀಸರಿಗೆ ಫೋನು ಮಾಡಿದರು. ಬಟನ್ನು ಪೊಲೀಸರಿಗೆ, "ಚಿಕ್ಕಪ್ಪ ಹ್ಯಾಂಗರಲ್ಲಿ ಹೊಡೆದ್ರು. ಆಮೇಲೆ ತುಳಿದ್ರು. ಆಮೇಲೆ ಸಿಳ್ಳೆ ಹಾಕಿದ್ರು" ಅಂದಳು. ಸಿಳ್ಳೆಯನ್ನು ಹಿಡಿದರು, ಜಾಮೀನಿನ ಮೇಲೆ ಬಿಟ್ಟರು, ಆ ಮನೆಯ ಬೀದಿಗೆ ಕಾಲಿಡಬಾರದು ಅಂದರು. ಅವನು ಊರಾಚೆ ಗೆಳೆಯನೊಬ್ಬನ ಗ್ಯಾರೇಜಿನಲ್ಲಿ ಉಳಿದುಕೊಂಡ.

ಫ್ರಾಕು ಮಾತ್ರ ಮನೆಯಲ್ಲೇ ಉಳಿಯಿತು, ಒದ್ದೆಯಾಗಿ.

ಮೊದಮೊದಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ದೊಡ್ಡವನು ಇಸ್ತ್ರಿ ಒತ್ತಿದ. ಭುಸ್ ಅಂತ ಆವಿ ಬಂತು, ಬಟ್ಟೆ ಗರಿಗರಿಯಾಯಿತು. ಮಡಚಿಟ್ಟು ಊಟ ಮಾಡಿ ಬಂದರೆ ಕೆಳಗಿದ್ದ ಅಂಗಿಗಳೂ ಸೇರಿ ನೆನೆದಿದ್ದವು. ಒಣಗಿಸುವ ಮೆಷಿನ್ನಿಗೆ ಹಾಕಿದರು. ಜೊತೆಗೆ ಹಾಕಿದ ಟವೆಲುಗಳು ಬಿಸಿಬಿಸಿಯಾಗಿ ಬಂದವು. ಫ್ರಾಕು ಕೆರೆಯಿಂದ ಎದ್ದು ಬಂದ ಹಾಗೆ ಬಂತು.

"ಮೆಷಿನ್ ಕೆಟ್ಟಿದೆ" ಅಂತ ದೊಡ್ಡವನು ರಿಪೇರಿಯವನನ್ನು ಕರೆಸಿದ.

ರಿಪೇರಿಯವನು ಮೆಷಿನ್ನನ್ನು ಪೂರಾ ಬಿಚ್ಚಿ ಜೋಡಿಸಿ, ಫ್ರಾಕನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಮೆಷಿನ್ ಸರಿ ಇದೆ ಸಾರ್. ಬಟ್ಟೆ ಕೆಟ್ಟಿದೆ" ಅಂದ.

"ಬಟ್ಟೆ ಹೆಂಗಯ್ಯಾ ಕೆಡತ್ತೆ?"

"ಅದು ನನ್ ಲೈನ್ ಅಲ್ಲ ಸಾರ್" ಅಂತ ಪಾನಾ ಚೀಲಕ್ಕೆ ಹಾಕಿಕೊಂಡು ಹೋದ. ಬೀದಿ ಕೊನೆಯಲ್ಲಿ ಒಂದು ಸಲ ಹಿಂತಿರುಗಿ ನೋಡಿದ.

ಅಲ್ಲಿಂದ ಅದು ತಾರಸಿಯ ಮೂಲೆಯ ಹಗ್ಗಕ್ಕೆ ಹೋಯಿತು. ಗಾಳಿ ಬಂದಾಗ ಉಳಿದ ಬಟ್ಟೆಗಳೆಲ್ಲ ಹಾರಾಡುತ್ತಿದ್ದವು. ಫ್ರಾಕು ನೆಟ್ಟಗೆ ಇಳಿಬಿದ್ದಿರುತ್ತಿತ್ತು, ಒಳಗೆ ಯಾರೋ ನಿಂತಿರುವ ಹಾಗೆ.

ಕೆಳಗೆ ಮನೆಯಲ್ಲಿ ಮಾತು ಬಿಗಿಯಾಗುತ್ತಾ ಬಂತು. ಕೇಸು ಬೇಡ ಅನ್ನುವುದು ಅಜ್ಜಿಯ ವಾದ. ಸೊಸೆ ಅಜ್ಜಿಯ ಹತ್ತಿರ ನೇರವಾಗಿ ಮಾತಾಡುವುದನ್ನೇ ಬಿಟ್ಟಳು. ಎಲ್ಲಾ ಮಗಳ ಮೂಲಕ.

"ನಿಮ್ಮಜ್ಜಿಗೆ ಹೇಳು, ಆಲೂಗಡ್ಡೆಗೆ ಉಪ್ಪು ಜಾಸ್ತಿ ಆಗಿದೆ ಅಂತ."

"ನಿಮ್ಮಮ್ಮಂಗೆ ಹೇಳು, ನಂಗೂ ನಾಲಿಗೆ ಇದೆ, ಗೊತ್ತಾಗತ್ತೆ ಅಂತ."

ಬಟನ್ನು ಯಾವುದನ್ನೂ ಯಾರಿಗೂ ಹೇಳುತ್ತಿರಲಿಲ್ಲ. ಊಟಕ್ಕೆ ಕೂರುವಾಗ ಯಾರು ಜಗಳ ಶುರುಮಾಡುತ್ತಾರೆ ಅಂತ ಮುಖ ನೋಡಿ ಅಂದಾಜು ಮಾಡಿ, ಅವರ ಕಡೆಗೆ ಕೇಳದ ಕಿವಿ ಬರುವ ಹಾಗೆ ಜಾಗ ಹಿಡಿಯುತ್ತಿದ್ದಳು. ಅಂದಾಜು ತಪ್ಪುತ್ತಿರಲಿಲ್ಲ.

ಒಂದು ಭಾನುವಾರ ದೊಡ್ಡವನು ಮೊಟ್ಟೆ ಸುಲಿಯುತ್ತಾ, "ಅವನು ಒಳಗೆ ಹೋದ್ರೆ ವ್ಯಾನ್ ಯಾರು ಓಡಿಸ್ತಾರೆ ಅಂತ ಒಂದು ಯೋಚನೆ" ಅಂದ.

ಸೊಸೆ ಚಮಚ ಕೆಳಗಿಟ್ಟಳು. "ಅಲ್ಲಾ ರೀ, ಮಗಳ ಕಿವಿ ಹೋಗಿದೆ. ನಿಮ್ಗೆ ವ್ಯಾನಿನ ಯೋಚನೆನಾ?"

"ನಾನು ವ್ಯಾನ್ ಮಾತ್ರ ಅಂದೆನಾ?"

"ಹೌದು, ವ್ಯಾನ್ ಮಾತ್ರ ಅಂದ್ರಿ."

ಅಜ್ಜಿ ನಡುವೆ ಬಾಯಿ ಹಾಕಿದಳು. "ತಪ್ಪು ಮಾಡಿದ್ದಾನೆ. ಯಾರು ಇಲ್ಲ ಅಂದ್ರು? ಮನೆ ವಿಷಯ ಮನೇಲೇ ಮುಗಿಸೋಣ. ಶಿಕ್ಷೆ ನಾನೇ ಕೊಡ್ತೀನಿ."

ಸೊಸೆ ಮೊದಲ ಸಲ ನೇರವಾಗಿ ಮಾತಾಡಿದಳು. "ಏನು ಶಿಕ್ಷೆ ಕೊಡ್ತೀರಿ ಅತ್ತೆ? ಊಟ ಹಾಕಲ್ವಾ? ನಿನ್ನೆ ತಾನೇ ಡಬ್ಬಿ ತಗೊಂಡು ಹೋಗಿದ್ರಿ. ಮಾತು ಬಿಡ್ತೀರಾ? ಡಬ್ಬಿ ಜೊತೆ ಇಸ್ತ್ರಿ ಮಾಡಿದ ಶರ್ಟೂ ಹೋಗಿತ್ತು. ಬೇರೆಯವರ ಮಗೂಗೆ ಮಾಡಿದ್ರೆ ಆಗ ಯಾವ ಮನೇಲಿ ಮುಗಿಸ್ತೀರಿ?"

"ಅವನಿಗೆ ಸಿಟ್ಟು ಜಾಸ್ತಿ. ಚಿಕ್ಕಂದಿನಿಂದ."

"ನಂಗೂ ಸಿಟ್ಟು ಜಾಸ್ತಿ. ನಾನು ಯಾರ ಬೆನ್ನ ಮೇಲೂ ನಿಂತಿಲ್ಲ."

ಅಜ್ಜಿಯ ತುತ್ತು ಬಾಯಿಯ ಹತ್ತಿರ ನಿಂತಿತು. ಬೆನ್ನ ಮೇಲಿನದನ್ನು ನೋಡಿದ್ದು ತಾನೊಬ್ಬಳೇ. ಸೊಸೆ ಮಗಳ ಮಾತು ನಂಬಿ ಹೇಳುತ್ತಿದ್ದಾಳೆ, ಅಷ್ಟೇ. ಡಾಕ್ಟರು ಬೆನ್ನಿನ ಮೇಲೆ ಕಪ್ಪಗೆ ಕಂದಿದ ಗುರುತು ಬರೆದುಕೊಂಡಿದ್ದರು. ಅದು ಮೆಟ್ಟಿಲ ಅಂಚಿನಿಂದಲೂ ಆಗಬಹುದು, ಮಗುವಿಗೆ ತಾಯಿ ಹೇಳಿಕೊಟ್ಟಿದ್ದಾಳೆ, ಅಂಗಡಿಯಲ್ಲಿ ಕೊಳೆ ಬಟ್ಟೆಗಿಂತ ಮನಸ್ತಾಪವೇ ಜಾಸ್ತಿ ಅಂತ ಸಿಳ್ಳೆಯ ವಕೀಲ ಆಗಲೇ ಹೇಳಿಕೊಂಡು ತಿರುಗುತ್ತಿದ್ದ. ಫ್ರಾಕು ಆಗಿದ್ದ ಹಾಗೇ ಇದ್ದಿದ್ದರೆ ಅವನು ಬಾಯಿ ಮುಚ್ಚುತ್ತಿದ್ದ.

"ಅಜ್ಜಿ" ಅಂದಳು ಬಟನ್ನು, ತಟ್ಟೆಯಿಂದ ಕಣ್ಣೆತ್ತದೆ. "ನನ್ ಫ್ರಾಕ್ ಒಣಗ್ತಾ?"

ದಿನಾ ಕೇಳುತ್ತಿದ್ದಳು. ಅಳು ಇಲ್ಲ, ಹಟ ಇಲ್ಲ. ಬಸ್ಸು ಬಂತಾ ಅಂತ ಕೇಳುವ ಹಾಗೆ.

"ಇಲ್ಲ ಮಗಾ. ನಾಳೆ ಒಣಗತ್ತೆ."

ಸರ್ಕಾರಿ ವಕೀಲೆ ಬಂದದ್ದು ಎರಡು ವಾರದ ನಂತರ. ಅವಳೂ ಆ ಅಂಗಡಿಯ ಗಿರಾಕಿಯೇ. ಅವಳ ಕಪ್ಪು ಕೋಟೂ ಸಿಳ್ಳೆಯ ವಕೀಲನ ಕಪ್ಪು ಕೋಟೂ ಇಸ್ತ್ರಿಯಾಗಿ ಒಂದೇ ಕಂಬಿಗೆ ಅಕ್ಕಪಕ್ಕ ನೇತಾಡುತ್ತಿದ್ದವು. ಅವು ಜಗಳವಾಡುತ್ತಿರಲಿಲ್ಲ. ವಕೀಲೆ ತನ್ನದನ್ನು ತೆಗೆದುಕೊಂಡು, "ಮಗು ಆವತ್ತು ಹಾಕಿಕೊಂಡಿದ್ದ ಬಟ್ಟೆ ಇದೆಯಾ?" ಅಂದಳು.

"ಮೇಲಿದೆ. ಒಣಗ್ತಿದೆ" ಅಂದಳು ಸೊಸೆ.

ವಕೀಲೆ, ಸೊಸೆ, ಅಜ್ಜಿ ಮೂವರೂ ತಾರಸಿಗೆ ಹೋದರು. ವಕೀಲೆ ಫ್ರಾಕನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಹೊಸದರ ಹಾಗೆ ಬೆಳ್ಳಗಿದ್ದ ಅಂಚು, ಒಂದು ಚುಕ್ಕೆ ಇಲ್ಲದ ಹಳದಿ. ಅವಳ ಮುಖ ಇಳಿಯಿತು.

"ಇದನ್ನ ಯಾರು ತೊಳೆದ್ರು?"

"ನಾನು" ಅಂದಳು ಅಜ್ಜಿ.

"ಇದರ ಮೇಲೆ ಏನಿತ್ತು?"

ಸೊಸೆ ಅತ್ತೆಯನ್ನೇ ನೋಡುತ್ತಿದ್ದಳು. ಬಕೆಟ್ಟಿಗೆ ಒಂದು ಹನಿ ಬಿತ್ತು.

"ಕೊಳೆ" ಅಂದಳು ಅಜ್ಜಿ.

ವಕೀಲೆ ಒದ್ದೆ ಕೈ ಒರೆಸಿಕೊಂಡಳು. "ಇವತ್ತು ಒಗೆದ್ರಾ?"

"ಇಲ್ಲ. ತಿಂಗಳ ಮೇಲಾಯ್ತು."

ಬೇರೆಯವರ ಮನೆಯ ಹುಚ್ಚಿಗೆ ಕೈ ಹಾಕಬಾರದು ಅಂದುಕೊಂಡಳೋ ಏನೋ, ಅವಳು ಮುಂದೆ ಕೇಳಲಿಲ್ಲ. ಮರುದಿನ ಪೊಲೀಸಿನವನೊಬ್ಬ ಬಂದು ಫ್ರಾಕನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿಗೆ ಅರಗು ಹಚ್ಚಿ ಒಯ್ದ. ಬಕೆಟ್ಟು ಮೂಲೆಯಲ್ಲೇ ಉಳಿಯಿತು. ಅಜ್ಜಿ ಮನಸ್ಸು ಹಗುರವಾಯಿತು ಅಂದುಕೊಂಡಳು. ಕೈ ಮಾತ್ರ ಹಾಗೆ ಅನ್ನಲಿಲ್ಲ. ನೀರಿನಲ್ಲಿ ಹೊತ್ತುಗಟ್ಟಲೆ ಇಟ್ಟ ಹಾಗೆ ಬೆರಳ ತುದಿಗಳು ಸುಕ್ಕುಗಟ್ಟಿದ್ದವು, ಒರೆಸಿದರೂ, ಬಿಸಿಲಿಗೆ ಹಿಡಿದರೂ. ಬೆಂಕಿಕಡ್ಡಿ ಗೀರಿದರೆ ನೆನೆದು ಆರುತ್ತಿತ್ತು. ಒಲೆ ಹಚ್ಚಲು ಸೊಸೆಯನ್ನು ಕರೆಯಬೇಕಾಯಿತು. ಮಾತು ಬಿಟ್ಟವಳನ್ನು ಕರೆಯುವುದು ಹೇಗೆ? "ಬಟನ್ನೂ, ನಿಮ್ಮಮ್ಮಂಗೆ ಹೇಳು" ಅನ್ನಬೇಕಾಯಿತು.

ಅಷ್ಟರಲ್ಲಿ ಸಿಳ್ಳೆಯ ವಕೀಲ ಬಂದು ಅಜ್ಜಿಯ ಮುಂದೆ ಕುಕ್ಕುರುಗಾಲಲ್ಲಿ ಕೂತ. "ಅಮ್ಮಾ, ನಮ್ಮ ಕಡೆ ಸಾಕ್ಷಿ ನೀವೇ. ಬಟ್ಟೆ ಮೇಲೆ ಏನೂ ವಿಶೇಷ ಇರಲಿಲ್ಲ, ದಿನಾ ಇರೋ ಕೊಳೆ ಅಂತ ಹೇಳಿದ್ರೆ ಸಾಕು. ಹೆತ್ತ ತಾಯಿ, ಅದರ ಮೇಲೆ ಮಗುವಿನ ಅಜ್ಜಿ. ನಿಮ್ಮ ಮಾತು ಅಂದ್ರೆ ಕಲ್ಲಲ್ಲಿ ಕೆತ್ತಿದ ಹಾಗೆ."

"ಇಲ್ದಿದ್ರೆ?"

"ಇಲ್ದಿದ್ರೆ ಏಳೆಂಟು ವರ್ಷ. ಮಕ್ಕಳ ಮೇಲೆ ಕೈ ಮಾಡಿದವರಿಗೆ ಈಗ ಕಾನೂನು ಬಹಳ ಬಿಗಿ." ಎದ್ದು ಹೋಗುವಾಗ ತನ್ನ ಕೋಟಿನ ತೋಳಿನ ಮೇಲಿದ್ದ ಚಹಾ ಕಲೆ ತೋರಿಸಿ, "ಇದು ಹೋಗತ್ತಾ?" ಅಂತ ಕೇಳಿದ.

"ಎಲ್ಲಾ ಹೋಗತ್ತೆ" ಅಂದಳು ಅಜ್ಜಿ, ಬೇಸರದಲ್ಲಿ.

ಮರುದಿನ ಡಬ್ಬಿ ಹಿಡಿದು ಗ್ಯಾರೇಜಿಗೆ ಹೋದಳು. ಮಗ ಒಂದು ಹಳೇ ಕಾರಿನ ಸೀಟನ್ನು ಬಾಗಿಲ ಮುಂದೆ ಹಾಕಿಕೊಂಡು ಕೂತಿದ್ದ. "ನೋಡ್ರೋ, ನಮ್ಮಮ್ಮ ಬಂದ್ಲು" ಅಂತ ಎದ್ದು ಬಂದು ಡಬ್ಬಿ ಇಸಿದುಕೊಂಡ. ಗೆಳೆಯ ಒಳಗೆ ಕಾರಿನಡಿ ಮಲಗಿ ಏನೋ ಬಿಚ್ಚುತ್ತಿದ್ದ. ಗೆಳೆಯನ ಮಗಳು, ಇನ್ನೂ ಸರಿಯಾಗಿ ಮಾತು ಬಾರದ ಕೂಸು, ಟೈರುಗಳ ನಡುವೆ ಕೂತು ಬೋಲ್ಟುಗಳನ್ನು ಸಾಲಾಗಿ ಜೋಡಿಸುತ್ತಿತ್ತು.

ಸಿಳ್ಳೆ ಊಟ ಬಿಚ್ಚಿದ. "ಈರುಳ್ಳಿ ಹಾಕಿಲ್ವಾ?"

"ಹೆಚ್ಚಕ್ಕೆ ಆಗ್ತಿಲ್ಲ. ಚಾಕು ಜಾರತ್ತೆ."

"ವಯಸ್ಸಾಯ್ತು ನಿಂಗೆ." ತಿಂದ, ಬೆರಳು ಚೀಪಿದ. "ಅಮ್ಮಾ, ತೊಳೆದದ್ದು ಒಳ್ಳೇದಾಯ್ತು."

"ಏನನ್ನ?"

"ಅಯ್ಯೋ, ನನ್ ಹತ್ರ ನಾಟಕ ಯಾಕೆ? ಫ್ರಾಕು. ನೀನು ಬಂದಾಗ ನಾನು ಹಿಂದಿನ ಬಾಗ್ಲಲ್ಲೇ ನಿಂತಿದ್ದೆ. ತಿರುಗಿಸಿ ನೋಡಿದ್ಯಲ್ಲ, ಆಗ ಸ್ವಲ್ಪ ಹೆದ್ರಿಕೆ ಆಯ್ತು. ಆಮೇಲೆ ನೀನು ಉಪ್ಪಿನ ಡಬ್ಬಿ ತಗೊಂಡೆ. ಸರಿ, ಮುಗೀತು, ಅಮ್ಮ ಇರೋವಾಗ ನಂಗೇನು ಅನ್ಕೊಂಡೆ."

ಅಜ್ಜಿಗೆ ಆ ದಿನದ ಕೆಟಲು ನೆನಪಾಯಿತು.

"ಮಗೂನ ಯಾಕೋ ತುಳಿದೆ?"

"ಬುದ್ಧಿ ಬರ್ಲಿ ಅಂತ. ಬಿಳಿ ಅಂಗಿ ಅಷ್ಟೂ ಹಾಳು ಮಾಡಿದ್ಲು." ಖಾಲಿ ಡಬ್ಬಿಯ ಮುಚ್ಚಳ ಹಾಕಿದ. "ನಾನೂ ನಿನ್ ಕೈಲಿ ತಿಂದಿದ್ದೀನಿ. ಸತ್ತೋದ್ನಾ?"

ಅಜ್ಜಿ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅವಳು ಹೊಡೆದಿದ್ದಳು, ಹೌದು. ತಾಯಂದಿರು ಹೊಡೆಯುವ ಹಾಗೆ ಹೊಡೆದು, ಆಮೇಲೆ ತಾನೇ ಅತ್ತು ಊಟ ಹಾಕಿದ್ದಳು. ಅದು ಇದು ಒಂದೇನಾ ಅಂತ ತೂಗಿ ನೋಡುವಷ್ಟರಲ್ಲಿ ಸಿಳ್ಳೆ ನೀರು ಕುಡಿಯಲು ಎದ್ದ. ತುಟಿ ಮುಂದೆ ಮಾಡಿ ಸಿಳ್ಳೆ ಶುರು ಮಾಡುವ ಮೊದಲೇ, ಇನ್ನೂ ಉಸಿರು ಎಳೆದುಕೊಳ್ಳುವಾಗಲೇ, ಟೈರುಗಳ ನಡುವಿನ ಕೂಸು ಕೈಯಲ್ಲಿದ್ದ ಬೋಲ್ಟು ಕೆಳಗಿಟ್ಟು ಎರಡೂ ಕಿವಿ ಮುಚ್ಚಿಕೊಂಡಿತು. ಅಳಲಿಲ್ಲ. ಅಜ್ಜಿಯನ್ನೇ ನೋಡುತ್ತಾ ಕೂತಿತು.

"ಈ ಮಗು ಯಾಕೋ ಹಿಂಗ್ ಮಾಡತ್ತೆ?"

"ಅದಾ? ನಾನು ಬಂದಾಗಿಂದ ಅದಕ್ಕೊಂದು ಆಟ" ಅಂತ ಸಿಳ್ಳೆ ನಕ್ಕ.

ಕಾರಿನಡಿಯಿಂದ ಗೆಳೆಯನೂ ನಕ್ಕ. ಅವನಿಗೆ ಅಲ್ಲಿಂದ ಕಾಣುತ್ತಿದ್ದದ್ದು ಸಿಳ್ಳೆಯ ಶೂ ಮಾತ್ರ.

ಮನೆಗೆ ಬಂದು ಅಜ್ಜಿ ನೇರ ತಾರಸಿಗೆ ಹೋದಳು. ಮೂಲೆಯ ಹಗ್ಗದ ಕೆಳಗೆ ಬಟನ್ನು ಬಕೆಟ್ಟನ್ನು ಬೋರಲು ಹಾಕಿಕೊಂಡು ಕೂತು ಬಟನ್ನುಗಳನ್ನು ಬಣ್ಣದ ಪ್ರಕಾರ ವಿಂಗಡಿಸುತ್ತಿದ್ದಳು. ಪಟ್ಟಿ ಬಿಚ್ಚಿದ್ದರಿಂದ ಕೈ ಬೆಳ್ಳಗೆ, ಬೇರೆ ಯಾರದೋ ಕೈಯ ಹಾಗಿತ್ತು.

"ನೋವಿದೆಯಾ?"

ಬಟನ್ನು ಸರಿಯಾದ ಕಿವಿಯನ್ನು ಈ ಕಡೆ ತಿರುಗಿಸಿದಳು. "ಕೈ ನೋಯಲ್ಲ. ಎಡಗಿವೀನೂ ನೋವಿಲ್ಲ. ಆದ್ರೆ ಇದ್ರಲ್ಲಿ ಚಿಕ್ಕಪ್ಪ ಸಿಳ್ಳೆ ಹಾಕ್ತಾನೇ ಇರ್ತಾರೆ. ಬೇರೆ ಏನೂ ಕೇಳ್ಸಲ್ಲ."

ಅಜ್ಜಿ ಬಗ್ಗಿ ಆ ಕಿವಿಗೆ ತನ್ನ ಕಿವಿ ಇಟ್ಟಳು. ಬಿಸಿಲು, ಬೀದಿಯ ಹಾರನ್ನು, ಹಗ್ಗದ ಮೇಲೆ ಬೆಡ್‌ಶೀಟುಗಳ ಪಟಪಟ. ಆಮೇಲೆ, ಬಹಳ ಒಳಗಿಂದ, ಸಣ್ಣಗೆ, ಪರಿಚಯದ ಅದೇ ಧಾಟಿ. ಅವಳು ತಲೆ ಎತ್ತಿಬಿಟ್ಟಳು.

"ಕೇಳ್ತಾ?"

"ಕೇಳ್ತು."

"ಅಮ್ಮಂಗೆ ಕೇಳ್ಸಲ್ಲ. ಡಾಕ್ಟರಿಗೂ ಕೇಳ್ಸಿಲ್ಲ." ಬಟನ್ನು ಒಂದು ನೀಲಿ ಬಟನ್ನನ್ನು ನೀಲಿಯ ಗುಂಪಿಗೆ ಸೇರಿಸಿದಳು. "ಅಜ್ಜಿ, ಫ್ರಾಕಿನ ಬೆನ್ನ ಮೇಲೆ ಏನಿತ್ತು? ವಕೀಲಮ್ಮ ಕೇಳಿದ್ರು. ನಂಗೆ ಹೇಳಕ್ಕೆ ಬರ್ಲಿಲ್ಲ. ಅದು ನನ್ ಹಿಂದೆ ಇತ್ತಲ್ಲ, ನಾನು ನೋಡಿಲ್ಲ. ನೀನೇ ನೋಡಿರೋದು."

ಅಜ್ಜಿ ಪಕ್ಕದಲ್ಲಿ ಕೂತು ಸುಕ್ಕುಗಟ್ಟಿದ ಬೆರಳುಗಳಿಂದ ತಾನೂ ಬಟನ್ನು ವಿಂಗಡಿಸತೊಡಗಿದಳು. ಕಪ್ಪು ಬಟನ್ನುಗಳೇ ಜಾಸ್ತಿ ಇದ್ದವು.

ವಿಚಾರಣೆಯ ದಿನ ಕೋರ್ಟಿನ ಕೋಣೆ ಅವರ ಇಸ್ತ್ರಿ ಕೋಣೆಗಿಂತ ಸೆಕೆಯಾಗಿತ್ತು. ಸಿಳ್ಳೆ ಕಟಕಟೆಯಲ್ಲಿ ಅಮ್ಮ ಇಸ್ತ್ರಿ ಮಾಡಿಸಿ ಕಳಿಸಿದ ತಿಳಿ ಬಣ್ಣದ ಶರ್ಟು ಹಾಕಿಕೊಂಡು ನಿಂತಿದ್ದ. ನ್ಯಾಯಾಧೀಶರ ಕೊರಳಪಟ್ಟಿಯೂ ಅದೇ ಅಂಗಡಿಯದು. ಅಜ್ಜಿ ತನ್ನ ಕೈಯಾರೆ ಗಂಜಿ ಹಾಕಿದ್ದು. ಮೇಜಿನ ಮೇಲೆ ಫ್ರಾಕಿನ ಕವರು ಇತ್ತು. ಅರಗು ಒಡೆದಿರಲಿಲ್ಲ. ಆದರೆ ಕವರಿನ ತುಂಬ ನೀರು ನಿಂತು, ಮೀನು ತರುವ ಕವರಿನ ಹಾಗೆ ಉಬ್ಬಿಕೊಂಡಿತ್ತು. ಹಳದಿ ಫ್ರಾಕು ಅದರೊಳಗೆ ತೋಳು ಚಾಚಿಕೊಂಡು ತೇಲುತ್ತಿತ್ತು. ಕೋರ್ಟಿನ ಗುಮಾಸ್ತ ಪಕ್ಕದ ಕಾಗದಗಳನ್ನು ದೂರ ಸರಿಸಿದ. ಅವನಿಗೆ ಇಪ್ಪತ್ತು ವರ್ಷದ ಸರ್ವಿಸು. ಯಾವುದನ್ನೂ ಕೇಳಬಾರದು ಅನ್ನುವುದು ಅಭ್ಯಾಸವಾಗಿತ್ತು.

ಸಿಳ್ಳೆಯ ವಕೀಲ ಕರೆದ. ಅಜ್ಜಿ ಹೋಗಿ ನಿಂತಳು. ಅವನ ತೋಳಿನ ಚಹಾ ಕಲೆ ಪೂರ್ತಿ ಹೋಗಿತ್ತು.

"ಈ ಬಟ್ಟೆ ತೊಳೆದವರು ನೀವು ತಾನೇ?"

"ಹೌದು."

"ಇದರ ಮೇಲೆ ಏನಿತ್ತು ಅಂತ ಕೋರ್ಟಿಗೆ ಹೇಳಿ."

"ಕೊರಳ ಹತ್ರ ರಕ್ತ" ಅಂದಳು ಅಜ್ಜಿ. "ಬೆನ್ನ ಮೇಲೆ ಶೂ ಗುರುತು. ನೀಲಿ ತುಳಿದದ್ದು. ಎಡಗಾಲು. ಹಿಮ್ಮಡಿ ಹೊರಗಡೆ ಸವೆದಿರತ್ತೆ, ನಡುವೆ ಅಡ್ಡಪಟ್ಟಿ. ಆ ಪಟ್ಟಿ ನಾನೇ ಹೊಡೆಸಿದ್ದು, ಮೂಲೆ ಮೋಚಿ ಹತ್ರ. ಅವನು ಚಿಕ್ಕಂದಿನಿಂದ ಹಂಗೇ ನಡೆಯೋದು. ಈಗ್ಲೂ ಅದೇ ಶೂ ಹಾಕಿದ್ದಾನೆ, ಎತ್ತಿ ನೋಡಿ."

ಸಿಳ್ಳೆ ಎಡಗಾಲನ್ನು ಬಲಗಾಲಿನ ಹಿಂದೆ ಇಟ್ಟ. ಅಷ್ಟು ಸಾಕಾಯಿತು, ಅಲ್ಲಿದ್ದವರೆಲ್ಲ ಕೆಳಗೆ ನೋಡಿದರು.

ವಕೀಲನ ದನಿ ಬದಲಾಯಿತು. "ಇಷ್ಟು ದಿನ ಯಾಕೆ ಹೇಳಲಿಲ್ಲ? ಸರ್ಕಾರಿ ವಕೀಲರು ಕೇಳಿದಾಗ ಬರೀ ಕೊಳೆ ಅಂದಿದ್ರಲ್ಲ?"

"ಕೊಳೆನೇ ಅಂದೆ. ನಾವು ಎಲ್ಲದಕ್ಕೂ ಅದನ್ನೇ ಅನ್ನೋದು."

"ಸಾಕ್ಷಿ ಅಳಿಸಿದವರಿಗೂ ಶಿಕ್ಷೆ ಇದೆ, ಗೊತ್ತಾ ನಿಮಗೆ?"

ಅಜ್ಜಿ ಎರಡೂ ಕೈ ಎತ್ತಿ ತೋರಿಸಿದಳು. ನೀಲಿ ಬೆರಳುಗಳ ತುದಿ ಬೆಳ್ಳಗೆ ನೆನೆದು ಹೆಣದ ಕೈಯ ಹಾಗಿದ್ದವು. "ಆಗ್ತಾ ಇದೆ" ಅಂದಳು.

"ಅಮ್ಮಾ" ಅಂದ ಸಿಳ್ಳೆ ಕಟಕಟೆಯಿಂದ. ಸಿಟ್ಟಿರಲಿಲ್ಲ. ಮಧ್ಯಾಹ್ನ ಹಸಿದು ಬಂದು ಬಾಗಿಲಲ್ಲಿ ನಿಂತು ಕರೆಯುವ ಹಾಗೆ ಕರೆದ. ಅವಳ ಕಾಲು ಅಭ್ಯಾಸಬಲದಿಂದ ಆ ಕಡೆಗೆ ಒಂದು ಹೆಜ್ಜೆ ಎತ್ತಿಟ್ಟಿತು. ಆಮೇಲೆ ನಿಂತಿತು.

ಶೂ ಬಿಚ್ಚಿಸಿದರು. ಹೊಲಿಗೆಯ ಸಂದಿಯಲ್ಲಿ ಇನ್ನೂ ನೀಲಿ ಇತ್ತು. ಎಲ್ಲ ಮುಗಿದ ಮೇಲೆ ಗುಮಾಸ್ತ ಸಾಮಾನು ಎತ್ತಿಡಲು ಬಂದು ಕವರಿಗೆ ಕೈ ಹಾಕಿದ. ಭಾರಕ್ಕೆ ಅಂತ ಬಲ ಹಾಕಿ ಎತ್ತಿದವನು ಹಿಂದಕ್ಕೆ ಜೋಲಿ ಹೊಡೆದ. ಕವರಿನಲ್ಲಿ ಹನಿ ನೀರಿರಲಿಲ್ಲ. ಫ್ರಾಕು ಮಡಿಕೆ ಬಿದ್ದು, ಹಗುರವಾಗಿ, ಒಣಗಿ ಕೂತಿತ್ತು. ಅವನು ಕವರಿನಲ್ಲಿ ತೂತು ಹುಡುಕಿದ, ಮೇಜು ಮುಟ್ಟಿ ನೋಡಿದ, ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಬೀರುವಿಗೆ ಹಾಕಿ ಬೀಗ ಜಡಿದ.

ತೀರ್ಪು ಬಂದದ್ದು ಮುಂದಿನ ತಿಂಗಳು. ಸಿಳ್ಳೆಗೆ ಏಳು ವರ್ಷ. ಅಜ್ಜಿಯ ವಯಸ್ಸು ನೋಡಿ, ತಾನಾಗೇ ನಿಜ ಹೇಳಿದ್ದು ನೋಡಿ, ನ್ಯಾಯಾಧೀಶರು ಅವಳನ್ನು ಬರೀ ಬೈದು ಕಳಿಸಿದರು.

ಆ ದಿನ ಮನೆಗೆ ಬಂದು ನಾಲ್ಕೂ ಜನ ಊಟಕ್ಕೆ ಕೂತರು. ದೊಡ್ಡವನು ಬ್ರೆಡ್ಡನ್ನು ಚೂರು ಚೂರು ಮಾಡುತ್ತಾ, "ನೀನು ಹೇಳಿದ್ದು ಸರಿ ಅಮ್ಮ. ಆದ್ರೆ ಇವತ್ತು ನಂಗೆ ಊಟ ಬೇಡ" ಅಂತ ಎದ್ದು ಹೋಗಿ ಕೆಳಗೆ ಇಸ್ತ್ರಿ ಹಚ್ಚಿದ. ಒತ್ತಬೇಕಾದ ಬಟ್ಟೆ ಒಂದೂ ಇರಲಿಲ್ಲ. ಬರೀ ಹಲಗೆಯನ್ನೇ ಒತ್ತಿದ.

ಸೊಸೆ ಅತ್ತೆಯ ತಟ್ಟೆಗೆ ಬಡಿಸಿದಳು. ಯಾರ ಮೂಲಕವೂ ಅಲ್ಲದೆ, "ಉಪ್ಪು ನೋಡಿ ಅತ್ತೆ" ಅಂದಳು.

"ಸರಿ ಇದೆ" ಅಂದಳು ಅಜ್ಜಿ.

ಬಟನ್ನು ಆ ದಿನ ಮಧ್ಯದಲ್ಲಿ ಕೂತಿದ್ದಳು. "ಸಿಳ್ಳೆ ದೂರ ಹೋಗಿದೆ" ಅಂದಳು, ತನಗೆ ತಾನೇ. "ಬೀದಿ ಕೊನೇಲಿ ಕೇಳ್ಸೋ ಹಾಗೆ ಕೇಳತ್ತೆ."

ಫ್ರಾಕು ವಾಪಸು ಬರುವಷ್ಟರಲ್ಲಿ ಮೇಲಿನ ಕೋರ್ಟಿನ ಅಪೀಲೂ ಮುಗಿದಿತ್ತು. ಬಟನ್ನು ಹಾಕಿಕೊಂಡು ನೋಡಿದಳು. ಭುಜದಲ್ಲಿ ಹಿಡಿಯಿತು, ಮೊಣಕಾಲು ಎಲ್ಲೋ ಇತ್ತು, ಅಂಚು ಎಲ್ಲೋ ಇತ್ತು.

"ಆಗಲ್ಲ ಅಜ್ಜಿ. ನಾನು ದೊಡ್ಡೋಳಾಗ್ಬಿಟ್ಟಿದ್ದೀನಿ."

ಅವಳೇ ಕತ್ತರಿ ತಂದು ಬಟನ್ನುಗಳನ್ನು ಬಿಡಿಸಿ ಡಬ್ಬಿಗೆ ಹಾಕಿಕೊಂಡಳು. ಉಳಿದದ್ದನ್ನು ದೊಡ್ಡವನು ಇಸ್ತ್ರಿ ಒರೆಸುವುದಕ್ಕೆ ಇಟ್ಟುಕೊಂಡ. ಒಳ್ಳೇ ಬಟ್ಟೆ, ನೀರು ಚೆನ್ನಾಗಿ ಹೀರುತ್ತದೆ.

ಇದಕ್ಕೆ ಮೊದಲೇ, ಶಿಕ್ಷೆಯಾದ ವಾರವೇ, ಜೈಲಿನಿಂದ ಒಂದು ಗಂಟು ಬಂದಿತ್ತು. ಒಳಗೆ ಜೈಲಿನದೇ ಬಟ್ಟೆ ಕೊಡುತ್ತಾರಂತೆ; ಹೋಗುವಾಗ ಹಾಕಿಕೊಂಡಿದ್ದನ್ನು ಮನೆಗೆ ಕಳಿಸುತ್ತಾರೆ. ಗಂಟಿನಲ್ಲಿ ಒಂದು ಪ್ಯಾಂಟು, ಆ ತಿಳಿ ಬಣ್ಣದ ಶರ್ಟು. ಕಂಕುಳಲ್ಲಿ ಬೆವರಿನ ಕಲೆ. ಅಜ್ಜಿ ಈ ಸಲ ಹಿಂದೆ ಮುಂದೆ ತಿರುಗಿಸಿ ಚೆನ್ನಾಗಿ ನೋಡಿದಳು. ಆಮೇಲೆ ತೊಳೆದಳು. ತಾಯಿ, ಅದರ ಮೇಲೆ ಬಟ್ಟೆ ಒಗೆಯುವವಳು, ಇನ್ನೇನು ಮಾಡಿಯಾಳು. ಎರಡು ಹಿಂಡು ಹಿಂಡಿ, ಕೊಡವಿ, ಮೂಲೆಯ ಹಗ್ಗಕ್ಕೆ ಹಾಕಿದಳು. ಸಂಜೆ ಹೋಗಿ ಮುಟ್ಟಿ ನೋಡಿದಳು. ಮರುದಿನ ಬೆಳಿಗ್ಗೆ ಮುಟ್ಟಿ ನೋಡಿದಳು. ಮೂಲೆಯಲ್ಲಿ ಬೋರಲು ಬಿದ್ದಿದ್ದ ಬಕೆಟ್ಟನ್ನು ನೆಟ್ಟಗೆ ಮಾಡಿ ಕೆಳಗಿಟ್ಟಳು.

ಈಗ ದಿನಾ ಅದು ಅವಳದೇ ಕೆಲಸ. ಬಕೆಟ್ಟನ್ನು ಬೇರೆ ಯಾರೂ ಚೆಲ್ಲುವಂತಿಲ್ಲ. ಬೆಳಿಗ್ಗೆ ಚಹಾ ಆದ ಮೇಲೆ ಮೇಲೆ ಹೋಗಿ, ಶರ್ಟನ್ನು ಇಳಿಸಿ, ತೋಳಿಗೆ ತೋಳು ಸೇರಿಸಿ ಹಿಂಡಿ, ಮತ್ತೆ ಹಾಕಿ ಬರುತ್ತಾಳೆ. ಗಾಳಿ ಬಂದಾಗ ಉಳಿದದ್ದೆಲ್ಲ ಹಾರುತ್ತದೆ, ಶರ್ಟು ನಿಂತಿರುತ್ತದೆ. ಮೊನ್ನೆ ಬಟನ್ನು ಶಾಲೆಯಿಂದ ಬಂದವಳು ಚೀಲ ಹೆಗಲಲ್ಲಿ ಇರುವ ಹಾಗೇ ತಾರಸಿಗೆ ಹತ್ತಿ ಬಂದು, ಅಜ್ಜಿಯ ಪಕ್ಕ ನಿಂತು ಹನಿ ಬೀಳುವುದನ್ನು ಸ್ವಲ್ಪ ಹೊತ್ತು ನೋಡಿದಳು.

"ಅಜ್ಜಿ, ಚಿಕ್ಕಪ್ಪನ ಶರ್ಟ್ ಒಣಗ್ತಾ?"

"ಇಲ್ಲ ಮಗಾ" ಅಂದಳು ನೀಲಿ ಅಜ್ಜಿ, ಕ್ಲಿಪ್ಪು ಸಿಕ್ಕಿಸುತ್ತಾ. "ಅದಕ್ಕಿನ್ನೂ ಟೈಮಿದೆ."